ಬಾಖನ ‘ಬಿ ಮೈನರ್ ಮಾಸ್’: ಒಂದು ಅಧ್ಯಯನ

ಪಾಶ್ಚಾತ್ಯ ಸಂಗೀತವೆಂದೊಡನೆ ನಮ್ಮಲ್ಲಿ ಬಹುಮಂದಿಗೆ ಮೊದಲು ನೆನಪಾಗುವುದು ಪಿಯಾನೊ, ಪಿಟೀಲು ಮೊದಲಾದ ವಾದ್ಯಗಳು. ಆದರೆ ಯೂರೋಪಿನ ಸಂಗೀತದ ಬೇರು ಇಳಿದಿರುವುದು ದೇವಾಲಯದ ವೃಂದಗಾನದಲ್ಲಿ. ನೂರಾರು ವರ್ಷಗಳ ಕಾಲ ಅಲ್ಲಿನ ದೊಡ್ಡ ಸಂಗೀತಗಾರರೆಲ್ಲರೂ ಒಂದೇ ಪ್ರಾರ್ಥನಾ ಪಾಠವನ್ನು ಮತ್ತೆ ಮತ್ತೆ ಸ್ವರಗಳಿಗೆ ಅಳವಡಿಸುತ್ತ ಬಂದರು. ಆ ಪರಂಪರೆಯ ಶಿಖರವೆಂದು ಪಂಡಿತರು ಎಣಿಸುವ ಕೃತಿಗಳಲ್ಲಿ ಯೋಹಾನ್ ಸೆಬಾಸ್ಟಿಯನ್ ಬಾಖನ ‘ಬಿ ಮೈನರ್ ಮಾಸ್’ ಒಂದು.

ಈ ಕೃತಿಯ ಚರಿತ್ರೆಯನ್ನು ಓದುವವನಿಗೆ ಒಂದು ವಿಚಿತ್ರ ಸಂಗತಿ ಎದುರಾಗುತ್ತದೆ. ಶಿಖರವೆನ್ನಿಸಿಕೊಂಡ ಈ ಕೃತಿಯ ಗಣನೀಯ ಭಾಗ ಇದಕ್ಕಾಗಿಯೇ ಹೊಸದಾಗಿ ಹುಟ್ಟಿದುದಲ್ಲ. ಬೇರೆ ಬೇರೆ ಸಂದರ್ಭಗಳಿಗೆಂದು ಬಾಖನೇ ಹಿಂದೆ ರಚಿಸಿದ್ದ ಗಾನಗಳನ್ನು ಆರಿಸಿ, ತಿದ್ದಿ, ಜೋಡಿಸಿ ಕಟ್ಟಿದ ಗುಡಿಯಿದು. ಹಳೆಯ ಕಲ್ಲುಗಳಿಂದ ಕಟ್ಟಿದ ಗುಡಿಯನ್ನು ಹೊಸ ಗುಡಿಯೆನ್ನಬಹುದೆ? ಸ್ವೋಪಜ್ಞತೆ ಎಂದರೆ ಹಿಂದೆಂದೂ ಇಲ್ಲದುದನ್ನು ತರುವುದೇ, ಅಥವಾ ಇರುವುದನ್ನು ತಕ್ಕ ಎಡೆಯಲ್ಲಿ ಇರಿಸಿ ಅದರಿಂದ ಹೊಸ ಅರ್ಥವನ್ನು ಹೊರಡಿಸುವುದೂ ಸ್ವೋಪಜ್ಞತೆಯೇ? ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೂ ಈ ಪ್ರಶ್ನೆ ಹೊರಗಿನದಲ್ಲ. ಇದಕ್ಕೆ ಈ ಕೃತಿ ಕೊಡುವ ಉತ್ತರವನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮಾಸ್ ಎಂದರೇನು?

ಕ್ರೈಸ್ತರ, ಅದರಲ್ಲಿಯೂ ಕ್ಯಾಥೊಲಿಕರ, ಮುಖ್ಯ ಆರಾಧನೆಗೆ ಮಾಸ್ ಎಂದು ಹೆಸರು. ಕನ್ನಡ ಕ್ರೈಸ್ತರು ಇದನ್ನು ಬಲಿಪೂಜೆ ಎನ್ನುತ್ತಾರೆ. ಈ ಪೂಜೆಯಲ್ಲಿ ದಿನದಿನಕ್ಕೆ ಬದಲಾಗುವ ಪಾಠಗಳುಂಟು, ಬದಲಾಗದ ಪಾಠಗಳೂ ಉಂಟು. ಬದಲಾಗದವುಗಳಲ್ಲಿ ಐದು ಮುಖ್ಯವಾದುವು. ಮೊದಲನೆಯದು ಕೀರಿಯೆ, ದೇವರ ಕರುಣೆಯನ್ನು ಬೇಡುವ ಮೊರೆ. ಎರಡನೆಯದು ಗ್ಲೋರಿಯ, ಮಹಿಮೆಯ ಸ್ತುತಿ. ಮೂರನೆಯದು ಕ್ರೆದೊ, ನಂಬಿಕೆಯ ಘೋಷಣೆ. ನಾಲ್ಕನೆಯದು ಸಾಂಕ್ತುಸ್, ದೇವರ ಪಾವನತೆಯ ಕೀರ್ತನೆ. ಐದನೆಯದು ಆಗ್ನುಸ್ ದೇಯಿ, ಲೋಕದ ಪಾಪವನ್ನು ಹೊತ್ತ ಕುರಿಮರಿಗೆ ಸಲ್ಲಿಸುವ ಬಿನ್ನಹ. ಇದು ಶಾಂತಿಯ ಯಾಚನೆಯೊಡನೆ ಮುಗಿಯುತ್ತದೆ. ಕೀರಿಯೆಯ ಮಾತುಗಳು ಗ್ರೀಕ್ ಭಾಷೆಯವು, ಉಳಿದುದು ಬಹುಮಟ್ಟಿಗೆ ಲ್ಯಾಟಿನ್. ೧೯೬೨ರಿಂದ ೧೯೬೫ರವರೆಗೆ ನಡೆದ ದ್ವಿತೀಯ ವ್ಯಾಟಿಕನ್ ಮಹಾಸಭೆಯ ಸುಧಾರಣೆಗಳಿಗೆ ಮುನ್ನ ನಮ್ಮ ನಾಡಿನ ಕ್ಯಾಥೊಲಿಕ್ ಇಗರ್ಜಿಗಳಲ್ಲಿಯೂ ಕೇಳಿಬರುತ್ತಿದ್ದುದು ಇದೇ ಲ್ಯಾಟಿನ್ ಪಾಠವೇ.

ಹದಿನೇಳನೆಯ ಶತಮಾನದ ಆರಂಭದಿಂದ ೧೭೫೦ರ ಸುಮಾರಿನವರೆಗಿನ ಕಾಲವನ್ನು ಸಂಗೀತದ ಚರಿತ್ರಕಾರರು ಬರೋಕ್ ಯುಗವೆನ್ನುತ್ತಾರೆ. ಈ ಯುಗದಲ್ಲಿ ಮಾಸ್ ಪಾಠವನ್ನು ಕಂಠವೃಂದಕ್ಕೆ ಮಾತ್ರವಲ್ಲದೆ ವಾದ್ಯವೃಂದಕ್ಕೂ ಸೇರಿಸಿ ರಚಿಸುವ ಪದ್ಧತಿ ಬೆಳೆಯಿತು. ದೀರ್ಘವಾದ ಪಾಠವನ್ನು ಬಿಡಿ ಖಂಡಗಳಾಗಿ ಒಡೆದು, ಒಂದನ್ನು ವೃಂದಕ್ಕೆ, ಇನ್ನೊಂದನ್ನು ಒಬ್ಬನ ಕಂಠಕ್ಕೆ, ಮತ್ತೊಂದನ್ನು ಇಬ್ಬರ ಕಂಠಕ್ಕೆ ಕೊಡುವುದು ವಾಡಿಕೆಯಾಯಿತು. ಬಾಖನ ಮಾಸ್‌ನಲ್ಲಿ ಇಂತಹ ೨೭ ಖಂಡಗಳಿವೆ. ಇಡಿಯ ಕೃತಿಯನ್ನು ಹಾಡಿ ಮುಗಿಸಲು ಹೆಚ್ಚುಕಡಿಮೆ ಎರಡು ಗಂಟೆ ಹಿಡಿಯುತ್ತದೆ.

ಲೈಪ್‌ಜಿಗ್‌ನ ಬಾಖ್

ಬಾಖನು ಹುಟ್ಟಿದುದು ೧೬೮೫ರಲ್ಲಿ, ಜರ್ಮನಿಯ ಐಸೆನಾಖ್ ಎಂಬ ಊರಿನಲ್ಲಿ. ಅವನ ವಂಶವೇ ಸಂಗೀತಗಾರರ ವಂಶ. ಹಲವೆಡೆ ಸೇವೆ ಸಲ್ಲಿಸಿದ ಬಳಿಕ ೧೭೨೩ರಲ್ಲಿ ಅವನು ಲೈಪ್‌ಜಿಗ್ ನಗರದ ಸಂತ ತೋಮಸನ ಶಾಲೆಯ ಸಂಗೀತಾಧ್ಯಾಪಕನಾದನು. ಊರಿನ ಮುಖ್ಯ ದೇವಾಲಯಗಳಿಗೆ ಸಂಗೀತವನ್ನೊದಗಿಸುವುದೂ ಅವನದೇ ಹೊಣೆ. ೧೭೫೦ರಲ್ಲಿ ತೀರಿಕೊಳ್ಳುವವರೆಗೆ ಆ ಹುದ್ದೆಯಲ್ಲಿಯೇ ಇದ್ದನು.

ಹುದ್ದೆ ದೊಡ್ಡದಾದರೂ ಅನುಕೂಲಗಳು ಕಡಮೆ. ೧೭೩೦ರ ಆಗಸ್ಟಿನಲ್ಲಿ ಬಾಖನು ನಗರಸಭೆಗೆ ಒಪ್ಪಿಸಿದ ಮನವಿಯಲ್ಲಿ ತನ್ನ ಶಾಲೆಯ ಹುಡುಗರನ್ನು ಲೆಕ್ಕಹಾಕಿ ತೋರಿಸಿದ್ದಾನೆ: ಹಾಡಬಲ್ಲವರು ೧೭ ಮಂದಿ, ಇನ್ನೂ ಕಲಿಯಬೇಕಾದವರು ೨೦ ಮಂದಿ, ಯಾವ ಉಪಯೋಗಕ್ಕೂ ಬಾರದವರು ೧೭ ಮಂದಿ. ಜಗತ್ತಿನ ಮಹಾಕೃತಿಗಳೆಂದು ಇಂದು ನಾವು ಹೊಗಳುವ ಎಷ್ಟೋ ಗಾನಗಳು ಇಂತಹ ಪರಿಸ್ಥಿತಿಯಲ್ಲಿ ವಾರವಾರವೂ ಸಿದ್ಧವಾಗಬೇಕಾಗಿದ್ದಿತು.

ಬಾಖನು ಪ್ರಾಟೆಸ್ಟೆಂಟ್ ಪಂಥದವನು, ಮಾರ್ಟಿನ್ ಲೂಥರನ ಅನುಯಾಯಿ. ಅಂತಹವನು ಲ್ಯಾಟಿನ್ ಮಾಸ್ ಬರೆದುದೇಕೆ? ಇದಕ್ಕೆ ಉತ್ತರ ಎರಡು. ಲೂಥರನ ಪಂಥದವರು ಜರ್ಮನ್ ಭಾಷೆಯನ್ನು ಆರಾಧನೆಗೆ ತಂದರೂ ಲ್ಯಾಟಿನನ್ನು ಪೂರ್ತಿಯಾಗಿ ಹೊರಗಟ್ಟಲಿಲ್ಲ. ಲೈಪ್‌ಜಿಗ್‌ನಲ್ಲಿ ಹಬ್ಬದ ದಿನಗಳಂದು ಕೀರಿಯೆ, ಗ್ಲೋರಿಯ, ಸಾಂಕ್ತುಸ್‌ಗಳನ್ನು ಲ್ಯಾಟಿನ್‌ನಲ್ಲಿ ಹಾಡುತ್ತಿದ್ದರು. ಇದು ಮೊದಲನೆಯದು. ಎರಡನೆಯ ಕಾರಣ ಲೌಕಿಕವಾದುದು. ಪ್ರಜೆಗಳು ಪ್ರಾಟೆಸ್ಟೆಂಟರಾಗಿದ್ದ ಸ್ಯಾಕ್ಸನಿಯ ದೊರೆ, ಪೋಲೆಂಡಿನ ಸಿಂಹಾಸನಕ್ಕಾಗಿ ೧೬೯೭ರಲ್ಲಿ ಕ್ಯಾಥೊಲಿಕನಾಗಿದ್ದನು. ಅವನು ೧೭೩೩ರ ಫೆಬ್ರವರಿಯಲ್ಲಿ ತೀರಿಕೊಂಡು ಅವನ ಮಗ ಪಟ್ಟಕ್ಕೆ ಬಂದನು. ಆ ವರ್ಷದ ಜುಲೈ ೨೭ರಂದು ಬಾಖನು ಡ್ರೆಸ್ಡನ್ನಿನಲ್ಲಿ ಹೊಸ ದೊರೆಗೆ ಒಂದು ಕೀರಿಯೆಯನ್ನೂ ಒಂದು ಗ್ಲೋರಿಯವನ್ನೂ ಕಾಣಿಕೆಯಾಗಿ ಒಪ್ಪಿಸಿ, ಆಸ್ಥಾನದ ಬಿರುದೊಂದನ್ನು ಬೇಡಿಕೊಂಡನು. ಲೈಪ್‌ಜಿಗ್‌ನಲ್ಲಿ ತನಗೆ ಅವಮಾನವಾಗುತ್ತಿದೆ, ವರಮಾನವೂ ಕುಗ್ಗಿದೆ ಎಂದು ಅರಿಕೆಯಲ್ಲಿ ಹೇಳಿಕೊಂಡನು. ವಾದಕರಿಗೂ ಗಾಯಕರಿಗೂ ಬೇಕಾದ ಪ್ರತಿಗಳನ್ನು ಬರೆಯುವುದರಲ್ಲಿ ಅವನ ಮಡದಿ ಅನ್ನ ಮಗ್ದಲೇನಳೂ ಮಕ್ಕಳೂ ಕೈಗೂಡಿಸಿದ್ದರು. ಬಿರುದು ಬಂದುದು ಮೂರು ವರ್ಷಗಳಿಗೂ ಮೀರಿ, ೧೭೩೬ರ ನವೆಂಬರಿನಲ್ಲಿ.

ಈ ಕೀರಿಯೆ ಮತ್ತು ಗ್ಲೋರಿಯಗಳೇ ಮುಂದೆ ‘ಬಿ ಮೈನರ್ ಮಾಸ್’ನ ಮೊದಲ ಭಾಗವಾದುವು. ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಈ ಹೆಸರು ಬಾಖನು ಇಟ್ಟುದಲ್ಲ, ಹತ್ತೊಂಬತ್ತನೆಯ ಶತಮಾನದವರು ಕೊಟ್ಟುದು. ಕೃತಿ ಬಿ ಮೈನರಿನಲ್ಲಿ ಆರಂಭವಾಗುವುದೇನೋ ನಿಜ. ಆದರೆ ಹೆಚ್ಚು ಖಂಡಗಳು ಇರುವುದು ತುತ್ತೂರಿಗಳಿಗೆ ಒಪ್ಪುವ ಉಜ್ಜ್ವಲವಾದ ಡಿ ಮೇಜರಿನಲ್ಲಿ.

ಕೇಳುವ ಬಗೆ

ನಮ್ಮ ಸಂಗೀತದಲ್ಲಿ ಒಂದು ಶ್ರುತಿಯ ಆಧಾರದ ಮೇಲೆ ಒಂದೇ ರಾಗಧಾರೆ ಹರಿಯುತ್ತದೆ. ಬಾಖನ ಸಂಗೀತದಲ್ಲಿ ಹಲವು ಧಾರೆಗಳು ಏಕಕಾಲದಲ್ಲಿ ಹರಿಯುತ್ತವೆ. ಒಂದೊಂದು ಕಂಠಕ್ಕೂ ತನ್ನದೇ ಆದ ನಡೆಯುಂಟು. ಆದರೂ ಒಂದು ಇನ್ನೊಂದಕ್ಕೆ ವಿರೋಧವಾಗದೆ ಒಟ್ಟಿನಲ್ಲಿ ಒಂದು ಸಾಮರಸ್ಯ ಏರ್ಪಡುತ್ತದೆ. ಇದರ ಅತ್ಯಂತ ಶಾಸ್ತ್ರೀಯವಾದ ರೂಪಕ್ಕೆ ಫ್ಯೂಗ್ ಎಂದು ಹೆಸರು. ಒಂದು ಕಂಠ ಒಂದು ವಿಷಯವನ್ನು ಎತ್ತಿಕೊಳ್ಳುತ್ತದೆ. ಅದು ಮುಂದುವರಿಯುತ್ತಿರುವಂತೆಯೇ ಎರಡನೆಯ ಕಂಠ ಅದೇ ವಿಷಯವನ್ನು ಬೇರೆ ಸ್ಥಾಯಿಯಲ್ಲಿ ಹಿಡಿಯುತ್ತದೆ. ಬಳಿಕ ಮೂರನೆಯದು, ನಾಲ್ಕನೆಯದು. ಹೀಗೆ ಒಂದೇ ಮಾತು ಹಲವು ಬಾಯಿಗಳಲ್ಲಿ ಹಬ್ಬುತ್ತದೆ.

ಮಾಸ್‌ನ ಮೊದಲ ಖಂಡ ಇಂತಹ ಫ್ಯೂಗ್. ಮೊದಲಿಗೆ ನಾಲ್ಕು ಅಳತೆಗಳಷ್ಟು ಕಾಲ ಎಲ್ಲ ಕಂಠಗಳೂ ಎಲ್ಲ ವಾದ್ಯಗಳೂ ಒಟ್ಟಿಗೆ ಕರುಣೆಗಾಗಿ ಕೂಗುತ್ತವೆ. ಆಮೇಲೆ ಕಂಠಗಳು ಮೌನ ತಾಳುತ್ತವೆ. ವಾದ್ಯಗಳು ವಿಷಯವನ್ನು ದೀರ್ಘವಾಗಿ ವಿಸ್ತರಿಸುತ್ತವೆ. ಅನಂತರ ಐದು ವರ್ಗದ ಕಂಠಗಳು, ಟೆನರ್ ಮೊದಲಾಗಿ, ಒಂದೊಂದಾಗಿ ಪ್ರವೇಶಿಸುತ್ತವೆ. ಒಬ್ಬ ಭಕ್ತನ ಮೊರೆ ಇಡಿಯ ಜನಾಂಗದ ಮೊರೆಯಾಗುವ ಪರಿಯಿದು. ಇದಕ್ಕೆ ಎದುರಾಗಿ ಗ್ಲೋರಿಯದಲ್ಲಿ ಮೂರು ತುತ್ತೂರಿಗಳೂ ನಗಾರಿಗಳೂ ಮೊದಲ ಬಾರಿಗೆ ಮೊಳಗುತ್ತವೆ. ಅದರ ಒಳಗಿನ ಏಕಕಂಠದ ಖಂಡಗಳಲ್ಲಿ ಒಂದೊಂದಕ್ಕೂ ಒಂದೊಂದು ವಾದ್ಯದ ಜೊತೆ: ಒಂದಕ್ಕೆ ಪಿಟೀಲು, ಒಂದಕ್ಕೆ ಓಬೊ ಎಂಬ ಸುಷಿರವಾದ್ಯದ ಮೃದುವಾದೊಂದು ಬಗೆ, ಇನ್ನೊಂದಕ್ಕೆ ಬೇಟೆಯ ಕೊಂಬು.

ಹಳೆಯದು ಹೊಸದಾದ ಬಗೆ

ಈಗ ನಮ್ಮ ಮೂಲ ಪ್ರಶ್ನೆಗೆ ಬರೋಣ. ಗ್ಲೋರಿಯದಲ್ಲಿ ದೇವರಿಗೆ ಧನ್ಯವಾದವನ್ನರ್ಪಿಸುವ ಒಂದು ಖಂಡವಿದೆ. ಇದರ ಸಂಗೀತವನ್ನು ಬಾಖನು ತೆಗೆದುಕೊಂಡುದು ೧೭೩೧ರಲ್ಲಿ ಲೈಪ್‌ಜಿಗ್‌ನ ನಗರಸಭೆಯ ಹೊಸ ವರ್ಷಕ್ಕಾಗಿ ತಾನೇ ಬರೆದಿದ್ದ ಗಾನದಿಂದ. ಆ ಜರ್ಮನ್ ಗಾನದ ಅರ್ಥವೂ ಧನ್ಯವಾದವೇ. ಲೋಕದ ಪಾಪವನ್ನು ಹೊರುವವನನ್ನು ಕುರಿತ ಇನ್ನೊಂದು ಖಂಡಕ್ಕೆ ಆಧಾರ ೧೭೨೩ರ ಒಂದು ಗಾನ. ಅದು ಹಾಳಾದ ಜೆರೂಸಲೇಮ್ ನಗರವನ್ನು ನೆನೆದು ಶೋಕಿಸುವ ಗಾನ. ಕ್ರೆದೊ ಭಾಗದಲ್ಲಿಯೂ ಕೊನೆಯ ಭಾಗಗಳಲ್ಲಿಯೂ ಇಂತಹ ಉದಾಹರಣೆಗಳು ಅನೇಕ. ಅರಸನ ಗೌರವಕ್ಕಾಗಿ ಬರೆದ ಸಂಗೀತ ದೇವರ ಜಯಕಾರವಾದುದೂ ಉಂಟು.

ಆ ಕಾಲದಲ್ಲಿ ಇದು ದೋಷವೆನ್ನಿಸಿರಲಿಲ್ಲ. ಒಂದು ಸಂಗೀತಕ್ಕೆ ಬೇರೆ ಸಾಹಿತ್ಯವನ್ನು ಹೊಂದಿಸುವುದು ಎಲ್ಲರೂ ಅನುಸರಿಸುತ್ತಿದ್ದ ಕ್ರಮ. ಒಂದು ಭಾನುವಾರಕ್ಕೋ ಒಂದು ಉತ್ಸವಕ್ಕೋ ಬರೆದ ಗಾನ ಆ ದಿನ ಕಳೆದ ಮೇಲೆ ಕಪಾಟಿನಲ್ಲಿ ಉಳಿಯುತ್ತಿತ್ತು. ಆದರೆ ಮಾಸ್‌ನ ಪಾಠ ಯಾವ ಒಂದು ದಿನಕ್ಕೂ ಸೇರಿದುದಲ್ಲ, ಅದು ಕಾಲಕಾಲಕ್ಕೂ ನಿಲ್ಲುವಂತಹುದು. ಒಂದು ದಿನದ ಬಾಳಿಗೆಂದು ಹುಟ್ಟಿದ ಒಳ್ಳೆಯ ಸಂಗೀತವನ್ನು ಬಾಖನು ಅಳಿಯದ ಪಾಠದ ಆಶ್ರಯದಲ್ಲಿರಿಸಿದನೆಂದು ತಿಳಿದರೆ ಅವನ ಕೆಲಸದ ಹುರುಳು ಗೋಚರವಾಗುತ್ತದೆ. ಅವನು ಕೈಗೆ ಸಿಕ್ಕಿದುದನ್ನು ತುಂಬಲಿಲ್ಲ. ಭಾವಕ್ಕೆ ಭಾವ ಹೊಂದುವುದನ್ನೇ ಆರಿಸಿದನು. ಆರಿಸಿದುದನ್ನೂ ಇದ್ದಂತೆ ಬಿಡದೆ ತಿದ್ದಿದನು.

ಕ್ರುಸಿಫಿಕ್ಸುಸ್

ಈ ತಿದ್ದುವಿಕೆಯ ಮಹತ್ತ್ವವನ್ನು ಕಾಣಲು ಕ್ರೆದೊ ಭಾಗದಲ್ಲಿರುವ ಕ್ರುಸಿಫಿಕ್ಸುಸ್ ಎಂಬ ಖಂಡವೊಂದೇ ಸಾಕು. ಯೇಸುವನ್ನು ಶಿಲುಬೆಗೇರಿಸಿದರು, ಅವನು ಸತ್ತು ಹೂಳಲ್ಪಟ್ಟನು ಎಂಬುದು ಇದರ ವಿಷಯ. ಇದರ ಸಂಗೀತ ಇಡಿಯ ಮಾಸ್‌ನಲ್ಲಿಯೇ ಬಹಳ ಹಳೆಯದು. ೧೭೧೪ರಲ್ಲಿ, ತನ್ನ ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ವೈಮಾರ್ ಎಂಬಲ್ಲಿ ಬಾಖನು ಬರೆದ ಒಂದು ಗಾನದ ಮೊದಲ ವೃಂದಗೀತ ಅದು. ಆ ಗಾನದ ವಿಷಯ ಕ್ರೈಸ್ತ ಭಕ್ತನ ಅಳು, ಗೋಳು, ಕಳವಳ, ಅಂಜಿಕೆ. ಸುಮಾರು ಮೂವತ್ತೈದು ವರ್ಷಗಳ ಬಳಿಕ, ಮುಪ್ಪಿನಲ್ಲಿ, ಯೌವನದ ಆ ಅಳುವನ್ನು ಬಾಖನು ಮತ್ತೆ ಕೈಗೆತ್ತಿಕೊಂಡನು.

ಇದರ ತಳಹದಿ ಮಂದ್ರದಲ್ಲಿ ಮತ್ತೆ ಮತ್ತೆ ಬರುವ ನಾಲ್ಕು ಅಳತೆಗಳ ಒಂದು ಸ್ವರಪಂಕ್ತಿ. ನಮ್ಮ ಸ್ವರನಾಮಗಳಲ್ಲಿ ಹೇಳುವುದಾದರೆ ಅದು ಮೇಲಿನ ಷಡ್ಜದಿಂದ ಹೊರಟು ಕಾಕಲಿ ನಿಷಾದ, ಕೈಶಿಕಿ ನಿಷಾದ, ಚತುಶ್ರುತಿ ಧೈವತ, ಶುದ್ಧ ಧೈವತ ಎಂಬ ಒಂದು ಮೆಟ್ಟಿಲನ್ನೂ ಬಿಡದೆ ಪಂಚಮಕ್ಕೆ ಇಳಿಯುತ್ತದೆ. ನಮ್ಮ ರಾಗಪದ್ಧತಿಯಲ್ಲಿ ಹೀಗೆ ಎರಡು ನಿಷಾದಗಳೂ ಎರಡು ಧೈವತಗಳೂ ಒಂದರ ಹಿಂದೊಂದು ಬರುವುದು ಅಪರೂಪ. ಹೀಗೆ ಅರೆಯರೆ ಹೆಜ್ಜೆಯಾಗಿ ಕುಸಿಯುವ ನಡೆ ಯೂರೋಪಿನಲ್ಲಿ ಆ ಹೊತ್ತಿಗಾಗಲೇ ಶೋಕದ ಗುರುತಾಗಿ ನೆಲೆಗೊಂಡಿದ್ದಿತು. ಈ ಇಳಿತದ ಮೇಲೆ ಕಂಠಗಳು ಬಿಡಿಬಿಡಿಯಾಗಿ, ಬಿಕ್ಕುವಂತೆ, ಶಿಲುಬೆಯ ಮಾತನ್ನು ಹೇಳುತ್ತವೆ.

ಬಾಖನು ಮಾಡಿದ ಬದಲಾವಣೆಗಳನ್ನು ಗಮನಿಸಬೇಕು. ಹಳೆಯ ಗಾನದ ಮೊದಲ ಭಾಗವನ್ನು ಮಾತ್ರ ಇಟ್ಟುಕೊಂಡು ಮುಂದಿನದನ್ನು ಕೈಬಿಟ್ಟನು. ಶ್ರುತಿಯನ್ನು ಅರ್ಧ ಸ್ವರದಷ್ಟು ಇಳಿಸಿದನು. ತಂತಿವಾದ್ಯಗಳ ಜೊತೆಗೆ ಎರಡು ಕೊಳಲುಗಳನ್ನು ಸೇರಿಸಿದನು. ಮಂದ್ರದಲ್ಲಿ ಉದ್ದವಾಗಿ ನಿಲ್ಲುತ್ತಿದ್ದ ಸ್ವರಗಳನ್ನು ಮಿಡಿಯುವ ಚಿಕ್ಕ ಸ್ವರಗಳಾಗಿ ಒಡೆದನು. ಇದರಿಂದ ಎದೆಯ ಬಡಿತದಂತಹ ಒಂದು ಗತಿ ಬಂದಿತು. ಐದು ಕಂಠಗಳಲ್ಲಿ ಅತ್ಯುಚ್ಚವಾದ ಮೊದಲ ಸೊಪ್ರಾನೊವನ್ನು ಮೌನವಾಗಿರಿಸಿದನು. ಮೂಲದಲ್ಲಿ ೧೨ ಸಲ ಬರುತ್ತಿದ್ದ ಪಂಕ್ತಿ ಇಲ್ಲಿ ೧೩ ಸಲ ಬರುತ್ತದೆ. ಹದಿಮೂರನೆಯ ಸಲ ನಡೆಯುವುದೇ ಇಡಿಯ ಖಂಡದ ಸಾರ. ಆಗ ಕೊಳಲು ಪಿಟೀಲುಗಳು ನಿಂತುಹೋಗುತ್ತವೆ. ಕಂಠಗಳು ಗೋರಿಯೊಳಕ್ಕೆ ಇಳಿಯುವಂತೆ ಕೆಳಸ್ಥಾಯಿಗೆ ಇಳಿದು ಮೆತ್ತಗಾಗುತ್ತವೆ. ಇಷ್ಟು ಹೊತ್ತೂ ತಪ್ಪದೆ ಬಂದ ದಾರಿಯನ್ನು ಬಿಟ್ಟು ಮಂದ್ರಪಂಕ್ತಿ ಹೊರಳುತ್ತದೆ. ಇ ಮೈನರಿನ ಶೋಕ ಜಿ ಮೇಜರಿನ ಪ್ರಶಾಂತಿಯಲ್ಲಿ ನಿಲ್ಲುತ್ತದೆ. ಮರುಕ್ಷಣವೇ ಪುನರುತ್ಥಾನದ ಖಂಡ. ವಾದ್ಯಗಳ ಪೀಠಿಕೆಯೂ ಇಲ್ಲದೆ ಐದು ಕಂಠಗಳೂ ತುತ್ತೂರಿಗಳೂ ಒಮ್ಮೆಲೇ ಚಿಮ್ಮುತ್ತವೆ.

೧೭೧೪ರ ಅಳು ಅಳುವಾಗಿಯೇ ಮುಗಿದಿದ್ದಿತು. ಮಾಸ್‌ನಲ್ಲಿ ಅದೇ ಅಳು ಒಂದು ಬಾಗಿಲಾಯಿತು. ಸ್ವರಗಳು ಬಹುಪಾಲು ಅವೇ. ಬದಲಾದುದು ಅವುಗಳ ಎಡೆ, ಮತ್ತು ಆ ಎಡೆಗಾಗಿ ಕೊನೆಯಲ್ಲಿ ಮಾಡಿದ ಒಂದು ತಿರುವು.

ಕೊನೆಯ ವರ್ಷಗಳು

ಕ್ರೆದೊ ಭಾಗವನ್ನು ಬಾಖನು ಜೋಡಿಸಿದುದು ೧೭೪೮–೪೯ರ ಸುಮಾರಿನಲ್ಲಿ. ದೃಷ್ಟಿ ಮಂದವಾಗುತ್ತಿದ್ದ, ಕೈಬರಹ ತೊಡಕುತ್ತಿದ್ದ ಕಾಲವದು. ಮೊದಲು ಈ ಭಾಗದಲ್ಲಿ ಎಂಟು ಖಂಡಗಳಿದ್ದುವು. ದೇವರು ಮನುಷ್ಯನಾಗಿ ಅವತರಿಸಿದನೆಂಬ ಮಾತು ಅದರ ಹಿಂದಿನ ಯುಗಳಗಾನದ ಕೊನೆಯಲ್ಲಿಯೇ ಅಡಗಿದ್ದಿತು. ಬಾಖನು ಅದನ್ನು ಅಲ್ಲಿಂದ ಬಿಡಿಸಿ, ಅದಕ್ಕಾಗಿ ಬೇರೊಂದು ವೃಂದಗೀತವನ್ನು ಹೊಸದಾಗಿ ರಚಿಸಿ, ಒಂದು ಪ್ರತ್ಯೇಕ ಹಾಳೆಯಲ್ಲಿ ಬರೆದು ಸೇರಿಸಿದನು. ಅವನು ರಚಿಸಿದ ಕಟ್ಟಕಡೆಯ ಗಾನಗಳಲ್ಲಿ ಅದೊಂದು.

ಈ ಒಂದು ಹಾಳೆಯಿಂದ ಇಡಿಯ ಕಟ್ಟಡ ನೇರವಾಯಿತು. ಖಂಡಗಳು ಒಂಬತ್ತಾದುವು. ಮೊದಲು ಎರಡು ವೃಂದಗೀತಗಳು, ಬಳಿಕ ಒಂದು ಯುಗಳಗಾನ. ನಡುವೆ ಅವತಾರ, ಶಿಲುಬೆ, ಪುನರುತ್ಥಾನ ಎಂಬ ಮೂರು ವೃಂದಗೀತಗಳು. ಬಳಿಕ ಒಂದು ಏಕಗಾನ, ಕೊನೆಗೆ ಮತ್ತೆ ಎರಡು ವೃಂದಗೀತಗಳು. ಹೀಗೆ ಕ್ರುಸಿಫಿಕ್ಸುಸ್ ನಟ್ಟನಡುವಿನ ಐದನೆಯ ಖಂಡವಾಗಿ ನಿಂತಿತು. ಯೌವನದ ಹಳೆಯ ಗಾನ ಗರ್ಭಗುಡಿಯಾಯಿತು. ಮುಪ್ಪಿನ ಹೊಸ ಗಾನ ಅದರ ಮುಂದಣ ಬಾಗಿಲುವಾಡವಾಯಿತು.

ಉಳಿದ ಭಾಗಗಳ ವಿಷಯದಲ್ಲಿ ಎರಡು ಮಾತು ಸಾಕು. ಆರು ಕಂಠಗಳ ಭವ್ಯವಾದ ಸಾಂಕ್ತುಸ್ ೧೭೨೪ರ ಕ್ರಿಸ್‌ಮಸ್ ಹಬ್ಬಕ್ಕೆ ರಚಿತವಾದುದು. ಅದರ ಪಾಠದಲ್ಲಿ ಒಂದು ಪದ ಕ್ಯಾಥೊಲಿಕರದಕ್ಕಿಂತ ಭಿನ್ನವಾಗಿದೆ. ದೇವರನ್ನು ನೇರವಾಗಿ ಸಂಬೋಧಿಸಿ ‘ನಿನ್ನ ಮಹಿಮೆ’ ಎನ್ನಬೇಕಾದೆಡೆ ಲೂಥರನ ಪಂಥದವರ ರೂಢಿಯಂತೆ ‘ಅವನ ಮಹಿಮೆ’ ಎಂದಿದೆ. ಎರಡು ಪಂಥಗಳಿಗೂ ಸಾಮಾನ್ಯವಾದ ಪಾಠವನ್ನು ಹಿಡಿದರೂ ಬಾಖನು ತನ್ನ ಮನೆಯ ನುಡಿಯನ್ನು ಬಿಡಲಿಲ್ಲ. ಇನ್ನು ಕೃತಿಯ ಕಡೆಯ ಖಂಡವಾದ ಶಾಂತಿಯಾಚನೆಗೆ ಅವನು ಬಳಸಿದುದು ಗ್ಲೋರಿಯದ ಧನ್ಯವಾದದ ಸಂಗೀತವನ್ನೇ. ಬೇಡುವ ಮಾತಿಗೆ ಕೃತಜ್ಞತೆಯ ಸ್ವರ! ಕೇಳುವವನು ಆ ಸ್ವರವನ್ನು ಗುರುತಿಸುತ್ತಾನೆ. ಬೇಡಿದುದು ಆಗಲೇ ದೊರೆಯಿತೆಂಬ ಭರವಸೆ ಅವನಿಗೆ ಮಾತಿಲ್ಲದೆಯೇ ಉಂಟಾಗುತ್ತದೆ.

ಕೃತಿಯ ಮುಂದಿನ ಭಾಗ್ಯ

ಬಾಖನ ಜೀವಿತಕಾಲದಲ್ಲಿ ಈ ಕೃತಿಯನ್ನು ಇಡಿಯಾಗಿ ಹಾಡಿದ ದಾಖಲೆಯಿಲ್ಲ. ಹಸ್ತಪ್ರತಿ ನಾಲ್ಕು ಕಟ್ಟುಗಳಾಗಿದೆ; ಎಲ್ಲಕ್ಕೂ ಸೇರಿದ ಒಂದು ಹೆಸರನ್ನೂ ಅವನು ಬರೆದಿಲ್ಲ. ೧೭೫೦ರ ವಸಂತದಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆಗಳು ವಿಫಲವಾಗಿ, ಜುಲೈ ೨೮ರಂದು ಅವನು ತೀರಿಕೊಂಡನು. ಹಸ್ತಪ್ರತಿ ಅವನ ಮಗ ಕಾರ್ಲ್ ಫಿಲಿಪ್ ಎಮಾನುವೆಲನ ಪಾಲಿಗೆ ಬಂದಿತು. ಅವನು ೧೭೮೬ರಲ್ಲಿ ಹ್ಯಾಂಬರ್ಗ್ ನಗರದಲ್ಲಿ ಬಡವರ ಸಹಾಯಾರ್ಥ ನಡೆಸಿದ ಕಛೇರಿಯಲ್ಲಿ ಕ್ರೆದೊ ಭಾಗವನ್ನು ಹಾಡಿಸಿದನು. ೧೮೦೫ರಲ್ಲಿ ಸ್ವಿಟ್ಸರ್ಲೆಂಡಿನ ಹಾನ್ಸ್ ಗೇಯೊರ್ಗ್ ನೇಗೆಲಿ ಎಂಬ ಪ್ರಕಾಶಕನು ಅದನ್ನು ಕೊಂಡನು. ಅಚ್ಚು ಹಾಕಿಸುವುದಾಗಿ ೧೮೧೮ರಲ್ಲಿ ಪ್ರಕಟಿಸಿದರೂ ಸಾಕಷ್ಟು ಚಂದಾದಾರರು ಒದಗಲಿಲ್ಲ. ಮೊದಲ ಭಾಗ ಅಚ್ಚಾದುದು ೧೮೩೩ರಲ್ಲಿ, ಉಳಿದುದು ೧೮೪೫ರಲ್ಲಿ. ೧೮೫೯ರಲ್ಲಿ ಕಾರ್ಲ್ ರೀಡೆಲನು ಬಾಖನ ಊರಾದ ಲೈಪ್‌ಜಿಗ್‌ನಲ್ಲಿಯೇ ಇಡಿಯ ಕೃತಿಯನ್ನು ಹಾಡಿಸುವ ಹೊತ್ತಿಗೆ ಬಾಖನು ಸತ್ತು ನೂರು ವರ್ಷಗಳ ಮೇಲಾಗಿದ್ದಿತು.

ಅಲ್ಲಿಂದ ಮುಂದೆ ಇದರ ಕೀರ್ತಿ ಹಬ್ಬಿತು. ನೂರಾರು ಜನರ ವೃಂದಗಳು ಇದನ್ನು ಹಾಡಿದುವು. ೧೯೮೦ರ ದಶಕದ ಆರಂಭದಲ್ಲಿ ಅಮೆರಿಕದ ಜೋಷುವ ರಿಫ್ಕಿನ್ ಎಂಬ ವಿದ್ವಾಂಸರು, ಬಾಖನ ಕಾಲದಲ್ಲಿ ಒಂದೊಂದು ಪಾಠಕ್ಕೂ ಒಬ್ಬೊಬ್ಬನೇ ಗಾಯಕನಿರುತ್ತಿದ್ದನೆಂದು ವಾದಿಸಿ, ಹಾಗೆಯೇ ಹಾಡಿಸಿ ತೋರಿಸಿದರು. ಈ ವಾದವನ್ನು ಒಪ್ಪುವವರೂ ಒಪ್ಪದವರೂ ಇದ್ದಾರೆ. ೨೦೧೫ರಲ್ಲಿ ಯುನೆಸ್ಕೊ ಸಂಸ್ಥೆ ಬರ್ಲಿನ್ನಿನ ಗ್ರಂಥಾಲಯದಲ್ಲಿರುವ ಹಸ್ತಪ್ರತಿಯನ್ನು ಜಗತ್ತಿನ ಸ್ಮೃತಿಸಂಪತ್ತಿನ ಪಟ್ಟಿಗೆ ಸೇರಿಸಿತು.

ಉಪಸಂಹಾರ

ಸ್ವೋಪಜ್ಞತೆಯ ಪ್ರಶ್ನೆಗೆ ಈ ಕೃತಿ ಕೊಡುವ ಉತ್ತರ ಈಗ ಸ್ಪಷ್ಟವಾಗಿರಬಹುದು. ಹೊಸದನ್ನು ಹುಟ್ಟಿಸುವ ಶಕ್ತಿ ಬಾಖನಲ್ಲಿ ಕೊನೆಯವರೆಗೂ ಇದ್ದಿತೆಂಬುದಕ್ಕೆ ಆ ಒಂಟಿ ಹಾಳೆಯೇ ಸಾಕ್ಷಿ. ಆದುದರಿಂದ ಹಳೆಯದನ್ನು ಅವನು ಎತ್ತಿಕೊಂಡುದು ಬಡತನದಿಂದಲ್ಲ, ವಿವೇಕದಿಂದ. ತಾನು ಬಾಳಿನುದ್ದಕ್ಕೂ ಮಾಡಿದ ಕೆಲಸದಲ್ಲಿ ಉಳಿಯತಕ್ಕುದು ಯಾವುದು, ಅದರ ನಿಜವಾದ ಎಡೆ ಯಾವುದು ಎಂದು ತೂಗಿ ನೋಡುವ ವಿವೇಕವದು. ಯಾವ ಕಛೇರಿಯೂ ಕಾದಿಲ್ಲದ, ಯಾವ ಬಿರುದೂ ಬರಲಿಲ್ಲದ ಒಂದು ಕೃತಿಗಾಗಿ ಕಣ್ಣು ಸೋಲುವವರೆಗೆ ತಿದ್ದುತ್ತ ಕುಳಿತವನ ಶ್ರದ್ಧೆಯೂ ಅದೇ. ನಾವು ವಿದ್ಯಾರ್ಥಿಗಳು ಹೊಸತನದ ಹಂಬಲದಲ್ಲಿ ಇದನ್ನು ಮರೆಯಬಾರದು.

ಮೊದಲ ಬಾರಿಗೆ ಕೇಳುವವರು ಇಡಿಯ ಕೃತಿಯನ್ನು ಒಮ್ಮೆಗೇ ಕೇಳಬೇಕಾಗಿಲ್ಲ. ಅವತಾರ, ಶಿಲುಬೆ, ಪುನರುತ್ಥಾನದ ಮೂರು ಖಂಡಗಳನ್ನು ಒಂದರ ಹಿಂದೊಂದಾಗಿ ಕೇಳಿದರೆ ಸಾಕು. ಸುಮಾರು ಹತ್ತು ನಿಮಿಷಗಳಷ್ಟು ಕಾಲ. ಕ್ರುಸಿಫಿಕ್ಸುಸ್‌ನಲ್ಲಿ ಮಂದ್ರದ ಇಳಿತವನ್ನು ಬೆರಳೆಣಿಸುತ್ತ ಹೋಗಿ, ಹದಿಮೂರನೆಯದರ ಬಳಿ ಎಚ್ಚರವಾಗಿರಬೇಕು. ಆ ತಿರುವನ್ನು ಒಮ್ಮೆ ಕಿವಿಯಾರೆ ಕೇಳಿದವನಿಗೆ ಈ ಲೇಖನದ ಅಗತ್ಯವಿರಲಾರದು.